ಪಲ್ಸಾರ್ ಹಾಕುವ ತಾಳ: ಬಾಹ್ಯಾಕಾಶದ ಟೆಕ್ನೋ ಕೇಳೋದು ಹೇಗೆ?

ಕಳೆದ ರಾಜ್ಯೋತ್ಸವಕ್ಕೆ ನಮ್ಮ ಕನ್ನಡ ಸಂಘದ ವೇದಿಕೆಯಲ್ಲಿ ನಾವು ನಾಲ್ಕು ಜನ ಸೇರಿ ಒಂದು ಟೆಕ್ನೋ ಟ್ರ್ಯಾಕ್ ಬಾರಿಸಿದ್ವಿ. ಹಿಂದಿನ ಪರದೆ ಮೇಲೆ ನಕ್ಷತ್ರಗಳು, ಅದರ ಕೆಳಗೆ ದೊಡ್ಡ ಅಕ್ಷರದಲ್ಲಿ ‘ನಕ್ಷತ್ರದ ನಿಜವಾದ ಧ್ವನಿ’ ಅಂತ ಬರೆದಿದ್ವಿ. ಚಪ್ಪಾಳೆ ಚೆನ್ನಾಗೇ ಬಂತು. ವೈರ್ ಸುತ್ತಿಡುವಾಗ ಮೊದಲನೇ ವರ್ಷದ ಒಬ್ಬ ಹುಡುಗಿ ಬಂದು ಕೇಳಿದಳು: “ಅಣ್ಣಾ, ಬಾಹ್ಯಾಕಾಶದಲ್ಲಿ ಗಾಳಿನೇ ಇಲ್ವಲ್ಲ, ಅಲ್ಲಿಂದ ಧ್ವನಿ ಹೇಗೆ ಬಂತು?”

ನಾವು ಒಬ್ಬರ ಮುಖ ಒಬ್ಬರು ನೋಡ್ಕೊಂಡ್ವಿ. “ಅದು ರೇಡಿಯೋ... ಕನ್ವರ್ಟ್ ಮಾಡ್ತಾರೆ” ಅಂತ ಒಬ್ಬ ಹೇಳಿದ. ಏನನ್ನ ಏನಕ್ಕೆ ಕನ್ವರ್ಟ್ ಮಾಡ್ತಾರೆ, ಯಾವ ನಕ್ಷತ್ರ, ಯಾರು ರೆಕಾರ್ಡ್ ಮಾಡಿದ್ದು, ಒಂದೂ ನಮಗೆ ಗೊತ್ತಿರಲಿಲ್ಲ. ಎಲ್ಲೋ ಸಿಕ್ಕ ಫೈಲನ್ನು ಡೌನ್‌ಲೋಡ್ ಮಾಡಿ, ರಿವರ್ಬ್ ಸುರಿದು, ಕೆಳಗೆ ಕಿಕ್ ಹಾಕಿದ್ವಿ, ಅಷ್ಟೇ. ಅಂದರೆ ನೂರಾರು ಜನರ ಮುಂದೆ ‘ನಿಜವಾದ’ ಅಂತ ಬರೆದು ನಮಗೇ ಗೊತ್ತಿಲ್ಲದ ಒಂದು ಮಾತು ಹೇಳಿದ್ವಿ. ಈ ಲೇಖನ ಅದರ ತಿದ್ದುಪಡಿ. ಜೊತೆಗೆ, ಓದಿದವರು ತಾವೇ ಒಂದು ಪಲ್ಸಾರ್ ಬೀಟ್ ಮಾಡಿಕೊಳ್ಳಲಿ ಅನ್ನೋ ಆಸೆಯೂ ಇದೆ.

ಮೊದಲು ಟೆಕ್ನೋ. ಹಾಸ್ಟೆಲ್‌ನಲ್ಲಿ ಬಾಗಿಲು ಮುಚ್ಚಿದರೂ ಗೋಡೆ ದಾಟಿ ಬರುವ ‘ಧಪ್ ಧಪ್ ಧಪ್ ಧಪ್’ ಅಂದರೆ ಎಲ್ಲರಿಗೂ ಗೊತ್ತು. ಒಂದು ಆವರ್ತಕ್ಕೆ ನಾಲ್ಕು ಪೆಟ್ಟು, ನಾಲ್ಕಕ್ಕೂ ಕಿಕ್, ವೇಗ ಸಾಮಾನ್ಯವಾಗಿ ನಿಮಿಷಕ್ಕೆ 120ರಿಂದ 140. ಇದು ಹುಟ್ಟಿದ್ದು ಅಮೆರಿಕದ ಕಾರು ಕಾರ್ಖಾನೆಗಳ ಊರಾದ ಡೆಟ್ರಾಯಿಟ್‌ನಲ್ಲಿ, 1980ರ ದಶಕದಲ್ಲಿ. ಹುವಾನ್ ಅಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್ ಎಂಬ ಕರಿಯ ಯುವಕರ ಕೈಯಲ್ಲಿ. ಕಾರ್ಖಾನೆಗಳು ಒಂದೊಂದೇ ಬಾಗಿಲು ಹಾಕುತ್ತಿದ್ದ ಊರಲ್ಲಿ ಕೂತು ಅವರು ಯಂತ್ರದ ಲಯಕ್ಕೆ ಆಕಾಶದ ಕನಸು ಸೇರಿಸಿದರು. ಅಟ್ಕಿನ್ಸ್ 1985ರಲ್ಲಿ ಮಾಡಿದ ಹಾಡಿನ ಹೆಸರೇ ‘ನೋ ಯುಎಫ್‌ಓಸ್’. ಪೀಣ್ಯದಲ್ಲಿ ಪವರ್ ಪ್ರೆಸ್ ಬಡಿಯೋ ಸದ್ದು ಕೇಳಿದವರಿಗೆ ಈ ಸಂಬಂಧ ವಿವರಿಸಬೇಕಾಗಿಲ್ಲ. ಅದೇ ಪೀಣ್ಯದಲ್ಲೇ ಇಸ್ರೋದ ಇಸ್‌ಟ್ರ್ಯಾಕ್ ಕೂಡ ಇದೆ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದಾಗ ಟಿವಿಯಲ್ಲಿ ನಾವೆಲ್ಲ ನೋಡಿದ ಕಂಟ್ರೋಲ್ ರೂಮ್ ಅಲ್ಲಿಯದು. ಒಂದು ಕಡೆ ಪ್ರೆಸ್, ಇನ್ನೊಂದು ಕಡೆ ಚಂದ್ರ. ಡೆಟ್ರಾಯಿಟ್‌ನವರು ನೋಡಿದ್ದರೆ ಹೊಟ್ಟೆಕಿಚ್ಚು ಪಡ್ತಿದ್ರು.

ಬಾಹ್ಯಾಕಾಶದ ಟೆಕ್ನೋ ಅಂದ ಕೂಡಲೇ ಬರುವ ಹೆಸರು ಜೆಫ್ ಮಿಲ್ಸ್. ಇವರೂ ಡೆಟ್ರಾಯಿಟ್‌ನವರೇ, ‘ಅಂಡರ್‌ಗ್ರೌಂಡ್ ರೆಸಿಸ್ಟೆನ್ಸ್’ ಗುಂಪಿನ ಸ್ಥಾಪಕರಲ್ಲಿ ಒಬ್ಬರು. 1992ರಲ್ಲಿ ಆ ಬಳಗ ‘ಎಕ್ಸ್-102’ ಎಂಬ ಹೆಸರಲ್ಲಿ ಶನಿಗ್ರಹದ ಉಂಗುರಗಳ ಮೇಲೆ ಇಡೀ ಒಂದು ಆಲ್ಬಂ ತಂತು. ಟ್ರ್ಯಾಕ್‌ಗಳಿಗೆ ಉಂಗುರಗಳ, ಉಪಗ್ರಹಗಳ ಹೆಸರು. ರೆಕಾರ್ಡ್ ತಟ್ಟೆಯೇ ಶನಿ ಅನ್ನೋ ಕಲ್ಪನೆ. ಮುಂದೆ ಮಿಲ್ಸ್ 2013ರಲ್ಲಿ ಜಪಾನಿನ ಗಗನಯಾತ್ರಿ ಮಾಮೊರು ಮೋಹ್ರಿ ಜೊತೆ ‘ವೇರ್ ಲೈಟ್ ಎಂಡ್ಸ್’ ಮಾಡಿದರು, 2017ರಲ್ಲಿ ಆರ್ಕೆಸ್ಟ್ರಾ ಇಟ್ಟುಕೊಂಡು ‘ಪ್ಲಾನೆಟ್ಸ್’. ಕೇಳಿ ನೋಡಿ. ನಮ್ಮ ಪ್ರಾಮಾಣಿಕ ಅಭಿಪ್ರಾಯ ಏನಂದ್ರೆ, ಆರ್ಕೆಸ್ಟ್ರಾದ್ದು ಸ್ವಲ್ಪ ಮದುವೆ ಮನೆಗೆ ಸೂಟು ಹಾಕ್ಕೊಂಡು ಬಂದ ಹಾಗಿದೆ. ಶನಿಯ ಆಲ್ಬಂ ಮಾತ್ರ ಇವತ್ತಿಗೂ ರಾತ್ರಿ ಎರಡು ಗಂಟೆಗೆ ಹೆಡ್‌ಫೋನಲ್ಲಿ ಕೇಳಿದರೆ ಮೈ ಜುಂ ಅನ್ನುತ್ತೆ.

ನಮ್ಮ ದೇಶದಲ್ಲಿ ಇಂಥದ್ದು ಇರಲಿಲ್ಲ ಅಂದ್ಕೋಬೇಡಿ. ಅಹಮದಾಬಾದಿನ ಎನ್‌ಐಡಿಗೆ 1969ರಲ್ಲೇ ಮೂಗ್ ಸಿಂಥಸೈಜರ್ ಬಂದಿತ್ತು. ಅಲ್ಲಿ ಜಿನ್‌ರಾಜ್ ಜೋಶಿಪುರ ಮಾಡಿದ ತುಣುಕುಗಳ ಹೆಸರು ‘ಸ್ಪೇಸ್ ಲೈನರ್ 2001’. ಟೆಕ್ನೋ ಅನ್ನೋ ಪದಾನೇ ಹುಟ್ಟಿರಲಿಲ್ಲ. ಆ ಟೇಪುಗಳು ದಶಕಗಟ್ಟಲೆ ಕಪಾಟಿನಲ್ಲಿದ್ದು, 2023ರಲ್ಲಿ ಆಲ್ಬಂ ಆಗಿ ಹೊರಗೆ ಬಂದವು.

ಆದರೆ ಇದೆಲ್ಲ ಬಾಹ್ಯಾಕಾಶದ *ಬಗ್ಗೆ* ಇರುವ ಸಂಗೀತ. ಮಿಲ್ಸ್ ಶನಿಯನ್ನು ಕಲ್ಪಿಸಿಕೊಂಡರು, ಶನಿಯಿಂದ ಬಂದದ್ದು ಅಂತ ಹೇಳಲಿಲ್ಲ. ತಪ್ಪು ಮಾಡಿದ್ದು ನಾವು. ಹಾಗಾದರೆ ನಿಜವಾಗಿ ಆಕಾಶದಿಂದ ಬರುವ ತಾಳ ಅಂತ ಒಂದು ಇದೆಯಾ? ಇದೆ, ಮತ್ತು ಅದರ ಚಿತ್ರ ನಿಮ್ಮಲ್ಲಿ ಹಲವರ ಎದೆ ಮೇಲೇ ಇದೆ. ಕಪ್ಪು ಟಿ-ಶರ್ಟ್ ಮೇಲೆ ಬೆಟ್ಟದ ಸಾಲಿನ ಥರ ಬಿಳಿ ಗೆರೆಗಳು. ಜಾಯ್ ಡಿವಿಷನ್ ಬ್ಯಾಂಡಿನ 1979ರ ‘ಅನ್‌ನೋನ್ ಪ್ಲೆಷರ್ಸ್’ ಆಲ್ಬಂನ ಮುಖಪುಟ ಅದು. ಹಾಸ್ಟೆಲ್‌ನ ಒಂದು ಫ್ಲೋರಿನಲ್ಲಿ ಕನಿಷ್ಠ ಮೂರು ಒಣಗ್ತಿರುತ್ತೆ. ಆ ಗೆರೆಗಳು ಬಿ 1919+21 ಎಂಬ ಪಲ್ಸಾರ್‌ನ ಒಂದರ ಹಿಂದೊಂದು ಬಂದ ಮಿಡಿತಗಳು. 1967ರಲ್ಲಿ ಜೋಸಲಿನ್ ಬೆಲ್ ಎಂಬ ಸಂಶೋಧನಾ ವಿದ್ಯಾರ್ಥಿನಿ ಕಂಡುಹಿಡಿದ ಮೊಟ್ಟಮೊದಲ ಪಲ್ಸಾರ್ ಇದೇ.

ಪಲ್ಸಾರ್ ಅಂದರೆ ಸತ್ತ ದೊಡ್ಡ ನಕ್ಷತ್ರದ ಗಟ್ಟಿ ತಿರುಳು. ಸೂರ್ಯನಿಗಿಂತ ಹೆಚ್ಚು ತೂಕ, ಅಗಲ ಮಾತ್ರ ಸುಮಾರು 20 ಕಿಲೋಮೀಟರ್, ಅಂದರೆ ಹೆಚ್ಚುಕಡಿಮೆ ಯಲಹಂಕದಿಂದ ಮೆಜೆಸ್ಟಿಕ್‌ಗೆ ಹೋಗಿ ಸ್ವಲ್ಪ ಮುಂದೆ. ಅದು ಗಿರಗಿರ ತಿರುಗುತ್ತಾ ರೇಡಿಯೋ ಅಲೆಯ ಕಿರಣವನ್ನು ಲೈಟ್‌ಹೌಸ್ ಥರ ಬೀಸುತ್ತೆ. ಕಿರಣ ನಮ್ಮ ಕಡೆ ಬಂದಾಗಲೆಲ್ಲ ಆಂಟೆನಾದಲ್ಲಿ ಒಂದು ಏರಿಕೆ. ಬಿ 1919+21ಕ್ಕೆ 1.337 ಸೆಕೆಂಡಿಗೊಂದು ಪೆಟ್ಟು, ಅಂದರೆ ನಿಮಿಷಕ್ಕೆ ಸುಮಾರು 45. ನಿದ್ದೆ ಬರಿಸೋ ವೇಗ. ಆದರೆ ಎರಡು ಪೆಟ್ಟಿನ ನಡುವಿನ ಸಮಯವನ್ನು ಮೂರು ಭಾಗ ಮಾಡಿ, ತಿಶ್ರ ನಡೆ ಹಾಕಿದ ಹಾಗೆ. ನಿಮಿಷಕ್ಕೆ 134.6 ಆಗುತ್ತೆ, ಅಪ್ಪಟ ಟೆಕ್ನೋ ವೇಗ! ಟಿ-ಶರ್ಟ್ ಹಾಕ್ಕೊಂಡು ಓಡಾಡೋರಿಗೆ ಇದು ಗೊತ್ತಿರಲಿ.

ಇಲ್ಲಿ ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್ ಪುಸ್ತಕ ತೆಗೆಯಿರಿ. ಇಂಪಲ್ಸ್ ಟ್ರೇನ್ ನೆನಪಿದೆಯಾ? ಟಿ ಸೆಕೆಂಡಿಗೊಂದು ಇಂಪಲ್ಸ್ ಇಟ್ಟರೆ ಅದರ ಸ್ಪೆಕ್ಟ್ರಂನಲ್ಲಿ ಒಂದು ಭಾಗಿಸು ಟಿ ಹರ್ಟ್ಜ್ ಅಂತರದಲ್ಲಿ ಗೆರೆಗಳು ಬರ್ತವೆ. ಪರೀಕ್ಷೆಗೆ ಇದನ್ನ ಬಾಯಿಪಾಠ ಮಾಡಿದ್ವಿ, ಕಿವಿಯಲ್ಲಿ ಕೇಳಿದ್ದು ಪಲ್ಸಾರ್‌ನಿಂದಲೇ. ಟಿ ದೊಡ್ಡದಿದ್ದಾಗ ಕಿವಿಗೆ ಒಂದೊಂದೇ ಪೆಟ್ಟು, ಅದು ತಾಳ. ಟಿ ಕಡಿಮೆ ಮಾಡ್ತಾ ಹೋಗಿ, ಸೆಕೆಂಡಿಗೆ ಸುಮಾರು 20 ದಾಟಿದರೆ ಪೆಟ್ಟುಗಳು ಅಂಟಿಕೊಂಡು ಸ್ವರ ಆಗಿಬಿಡುತ್ತೆ. ತಾಳ ಮತ್ತು ಶ್ರುತಿ ಒಂದೇ ವಸ್ತು, ನಡುವೆ ಇರೋದು ಒಂದು ನಾಬ್ ಅಷ್ಟೇ. ಪ್ರಕೃತಿಯಲ್ಲಿ ಈ ನಾಬ್‌ನ ಎಲ್ಲ ಸ್ಥಾನದಲ್ಲೂ ಒಂದೊಂದು ನಕ್ಷತ್ರ ಕೂತಿದೆ.

ವೇಲಾ ಪಲ್ಸಾರ್ 89 ಮಿಲಿಸೆಕೆಂಡಿಗೊಮ್ಮೆ, ಸೆಕೆಂಡಿಗೆ ಸುಮಾರು 11 ಸಲ. ತಾಳ ಅನ್ನೋಕೆ ತುಂಬಾ ಬಿರುಸು, ಸ್ವರ ಅನ್ನೋಕೆ ತುಂಬಾ ನಿಧಾನ. ಆಟೋ ಸ್ಟ್ಯಾಂಡಲ್ಲಿ ಇಂಜಿನ್ ಬಂದ್ ಮಾಡದೆ ನಿಂತ ಗಾಡಿಯಂತೆ ಗರಗರ. ಕ್ರ್ಯಾಬ್ ಪಲ್ಸಾರ್ ಸೆಕೆಂಡಿಗೆ 30 ಸಲದ ಹತ್ತಿರ, ಅದು ಸಬ್‌ವೂಫರ್‌ನಲ್ಲಿ ಹೊಟ್ಟೆಗೆ ತಾಗುವ ಬೇಸ್. 1054ರಲ್ಲಿ ಸಿಡಿದದ್ದು ಕಂಡ ನಕ್ಷತ್ರದ ಶೇಷ ಇದು. ಇನ್ನು ಬಿ 1937+21 ಸೆಕೆಂಡಿಗೆ 642 ಸಲ ತಿರುಗುತ್ತೆ. ಕೇಳಿದರೆ ಎತ್ತರದ ಶ್ರುತಿ, ಕೀಬೋರ್ಡಿನ ಡಿ-ಶಾರ್ಪ್ ಮತ್ತು ಇ ನಡುವೆ ಹೆಚ್ಚುಕಡಿಮೆ ಮಧ್ಯದಲ್ಲಿ ಬೀಳುತ್ತೆ, ಯಾವ ಕೀಲಿಯೂ ಸರಿಯಾಗಿ ಕೂರಲ್ಲ. ಮಿಲಿಸೆಕೆಂಡ್ ಪಲ್ಸಾರ್ ಎಂಬ ಜಾತಿಯಲ್ಲೇ ಮೊದಲು ಸಿಕ್ಕಿದ್ದು ಇದು, 1982ರಲ್ಲಿ. ಕಂಡುಹಿಡಿದ ತಂಡದಲ್ಲಿ ಪ್ರೊಫೆಸರ್ ಡೊನಾಲ್ಡ್ ಬ್ಯಾಕರ್ ಜೊತೆ ಆಗಿನ್ನೂ ಪಿಎಚ್‌ಡಿ ಮಾಡುತ್ತಿದ್ದ ಶ್ರೀನಿವಾಸ ಕುಲಕರ್ಣಿ ಇದ್ದರು. ಹುಬ್ಬಳ್ಳಿಯಲ್ಲಿ ಬೆಳೆದವರು, ಸುಧಾ ಮೂರ್ತಿ ಅವರ ತಮ್ಮ. 2024ರ ಶಾ ಪ್ರಶಸ್ತಿ ಇವರಿಗೇ ಬಂದಿದ್ದು. ಜಗತ್ತಿನ ಅತಿ ಎತ್ತರದ ಶ್ರುತಿಯ ನಕ್ಷತ್ರವಾಗಿ ಅದು ಎರಡು ದಶಕ ದಾಖಲೆ ಇಟ್ಟುಕೊಂಡಿತ್ತು. ಹುಬ್ಬಳ್ಳಿಯವರು ಸಂಗೀತದಲ್ಲಿ ಮುಂದೆ ಅಂತ ಸುಮ್ನೆ ಹೇಳಲ್ಲ.

ವೇಲಾದ ಕಥೆಗೆ ನಮ್ಮ ಮೇಖ್ರಿ ಸರ್ಕಲ್ ಪಕ್ಕದ ನಂಟಿದೆ. ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆಯನ್ನು ಹೆಬ್ಬಾಳದಿಂದ ಬಸ್ಸಲ್ಲಿ ಹೋಗುವಾಗ ಎಷ್ಟು ಸಲ ದಾಟಿಲ್ಲ ನಾವು! ಸಿ.ವಿ. ರಾಮನ್ ಅದನ್ನು ಕಟ್ಟಿದ್ದು 1948ರಲ್ಲಿ. ಅವರ ಮಗ ವಿ. ರಾಧಾಕೃಷ್ಣನ್ 1972ರಿಂದ ಅದರ ನಿರ್ದೇಶಕರಾಗಿದ್ದರು. ಅದಕ್ಕೂ ಮೊದಲು ಆಸ್ಟ್ರೇಲಿಯಾದಲ್ಲಿದ್ದಾಗ, 1969ರಲ್ಲಿ, ಅವರು ಮತ್ತು ರಿಚರ್ಡ್ ಮ್ಯಾಂಚೆಸ್ಟರ್ ಒಂದು ವಿಚಿತ್ರ ಗಮನಿಸಿದರು. ನಿಧಾನವಾಗುತ್ತಲೇ ಹೋಗಬೇಕಿದ್ದ ವೇಲಾ ಇದ್ದಕ್ಕಿದ್ದಂತೆ ವೇಗ ಹೆಚ್ಚಿಸಿಕೊಂಡಿತ್ತು. ಎಷ್ಟು? ಹತ್ತು ಲಕ್ಷದಲ್ಲಿ ಸುಮಾರು ಎರಡು ಭಾಗ. ಮೃದಂಗದವರು ಇಷ್ಟು ಓಡಿಸಿದರೆ ಯಾರಿಗೂ ಗೊತ್ತಾಗಲ್ಲ; ಆದರೆ ನಕ್ಷತ್ರದ ಒಳಗೆ ಏನೋ ಜಾರಿದ್ದಕ್ಕೆ ಅದು ಸಾಕ್ಷಿ. ಅದಕ್ಕೆ ಇಟ್ಟ ಹೆಸರು ‘ಗ್ಲಿಚ್’. ಆಮೇಲೆ ಎಲೆಕ್ಟ್ರಾನಿಕ್ ಸಂಗೀತದಲ್ಲೂ ಗ್ಲಿಚ್ ಅನ್ನೋ ಒಂದು ಪ್ರಕಾರ ಬಂತು, ಅದು ಬೇರೆ ವಿಷಯ. ಹಾಗೇ ನೆನಪಾಯ್ತು: ಮೃದಂಗದ ಕರಣೆ ಇರೋದರಿಂದಲೇ ಅದರ ನಾದ ಸುಶ್ರಾವ್ಯ ಅಂತ ವಿಜ್ಞಾನದ ಭಾಷೆಯಲ್ಲಿ ಬರೆದವರೂ ರಾಮನ್ನೇ, 1920ರಲ್ಲಿ.

ಈಗ ಉತ್ತರಕ್ಕೆ ಹೋಗೋಣ. ಯಲಹಂಕದಿಂದ ದೊಡ್ಡಬಳ್ಳಾಪುರ ರಸ್ತೆ ಹಿಡಿದು, ಹಿಂದೂಪುರದ ಕಡೆ ಹೋಗುವ ರೈಲು ಹತ್ತಿದರೂ ಆಯ್ತು, ಗೌರಿಬಿದನೂರು ಸಿಗುತ್ತೆ. ಅದರ ಹತ್ತಿರ ರಾಮನ್ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆ ಸೇರಿ 1970ರ ದಶಕದಲ್ಲಿ ಒಂದು ರೇಡಿಯೋ ದೂರದರ್ಶಕ ಕಟ್ಟಿದವು. ದೊಡ್ಡ ಬಿಳಿ ಬಟ್ಟಲನ್ನು ಕಲ್ಪಿಸಿಕೊಳ್ಳಬೇಡಿ. ಹೊಲದಲ್ಲಿ ಕಂಬ ನೆಟ್ಟು ತಂತಿ ಕಟ್ಟಿದ ಹಾಗೆ 1,000 ಡೈಪೋಲ್‌ಗಳು, ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ. ಪೂರ್ವ-ಪಶ್ಚಿಮ ತೋಳು 1.4 ಕಿಲೋಮೀಟರ್ ಉದ್ದ. ಅದು ಕೇಳುವುದು 34.5 ಮೆಗಾಹರ್ಟ್ಜ್‌ನಲ್ಲಿ, ಅಲೆಯ ಉದ್ದ ಸುಮಾರು 8.7 ಮೀಟರ್. ಎಫ್‌ಎಂ ರೇಡಿಯೋಗಿಂತ ತುಂಬಾ ಕೆಳಗೆ.

ಇಷ್ಟು ಕೆಳಗಿನ ಆವರ್ತದಲ್ಲಿ ಪಲ್ಸಾರ್ ಕೇಳೋದರಲ್ಲಿ ಒಂದು ಅದ್ಭುತ ತೊಂದರೆ ಇದೆ. ನಕ್ಷತ್ರಗಳ ನಡುವಿನ ಜಾಗ ಪೂರ್ತಿ ಖಾಲಿ ಅಲ್ಲ, ಅಲ್ಲಲ್ಲಿ ಎಲೆಕ್ಟ್ರಾನ್‌ಗಳಿವೆ. ಅವುಗಳ ನಡುವೆ ಬರುವಾಗ ಹೆಚ್ಚಿನ ಆವರ್ತದ ಅಲೆ ಮೊದಲು ತಲುಪುತ್ತೆ, ಕಡಿಮೆಯದು ತಡವಾಗಿ. ತಡ ಆವರ್ತದ ವರ್ಗಕ್ಕೆ ವಿಲೋಮ. ಬಿ 0950+08 ಎಂಬ ಪಲ್ಸಾರ್ ತಗೊಳ್ಳಿ, ನಮಗೆ ಹತ್ತಿರದವುಗಳಲ್ಲಿ ಒಂದು. ಲೆಕ್ಕ ಹಾಕಿ ನೋಡಿದ್ವಿ: ಅದರ ಮಿಡಿತ 34.5 ಮೆಗಾಹರ್ಟ್ಜ್‌ನಲ್ಲಿ ಬೆಳಕಿಗಿಂತ ಸುಮಾರು 10 ಸೆಕೆಂಡ್ ತಡವಾಗಿ ಬರುತ್ತೆ. 35 ಮೆಗಾಹರ್ಟ್ಜ್‌ನದ್ದು ಬಂದು 0.6 ಸೆಕೆಂಡ್ ಆದ ಮೇಲೆ 34ರದ್ದು ಬರುತ್ತೆ. ಆ ಪಲ್ಸಾರ್‌ನ ಎರಡು ಪೆಟ್ಟಿನ ನಡುವೆ ಇರೋದೇ 0.253 ಸೆಕೆಂಡ್! ಅಂದರೆ ಒಂದು ಪೆಟ್ಟಿನ ಬಾಲ ಬರುವಷ್ಟರಲ್ಲಿ ಇನ್ನೆರಡು ಪೆಟ್ಟು ತಲೆ ಹಾಕಿರುತ್ತವೆ. ಸರಿಪಡಿಸದೆ ಹಾಗೇ ಕೂಡಿಸಿದರೆ ತಾಳವೇ ಇಲ್ಲ, ಬರೀ ಸೊಂಯ್ ಅನ್ನೋ ಸದ್ದು. ಪ್ರತಿ ಆವರ್ತವನ್ನೂ ಬೇರೆ ಮಾಡಿ, ಅದರದರ ತಡವನ್ನು ಕಳೆದು, ಮತ್ತೆ ಕೂಡಿಸಬೇಕು.

ಇದರಲ್ಲಿ ನಮಗೆ ತುಂಬಾ ಇಷ್ಟವಾದದ್ದು ಏನಂದ್ರೆ, ಟೆಕ್ನೋದ ಕಿಕ್ ಕೂಡ ಹೀಗೇ ಮಾಡೋದು. ಡ್ರಮ್ ಮೆಷಿನ್ ಒಳಗೆ ಚರ್ಮವೂ ಇಲ್ಲ, ಕೋಲೂ ಇಲ್ಲ. ಒಂದು ಸೈನ್ ಅಲೆ ಎತ್ತರದಲ್ಲಿ ಶುರುವಾಗಿ ಕಣ್ಣು ಮಿಟುಕಿಸುವಷ್ಟರಲ್ಲಿ ಕೆಳಗೆ ಜಾರುತ್ತೆ. ಆ ಜಾರಿಕೆಯನ್ನು ಕಿವಿ ‘ಧಪ್’ ಅಂತ ತಿಳ್ಕೊಳುತ್ತೆ. ಮೇಲಿಂದ ಕೆಳಗೆ ಜಾರುವ ಅಲೆ ಅಲ್ಲೂ ಇದೆ, ಇಲ್ಲೂ ಇದೆ. ಆದರೆ ಜೋಪಾನ: ಅಲ್ಲಿ ಜಾರೋದು ರೇಡಿಯೋ ಅಲೆ, ಕಾರಣ ದಾರಿಯಲ್ಲಿನ ಎಲೆಕ್ಟ್ರಾನ್, ಇಲ್ಲಿ ಜಾರೋದು ಧ್ವನಿ, ಕಾರಣ ಸರ್ಕ್ಯೂಟ್ ಮಾಡಿದ ಇಂಜಿನಿಯರ್. ಎರಡನ್ನೂ ಒಂದೇ ಅಂದರೆ ನವೆಂಬರ್ ತಪ್ಪನ್ನೇ ಮತ್ತೆ ಮಾಡಿದಂತೆ.

ಸರಿ, ಕೈಗೆ ಕೆಲಸ. ಪೈಥಾನ್ ಇದ್ದರೆ ಸಾಕು, ಹತ್ತು ಸಾಲಿನ ಕೋಡ್. ಬಿ 0950+08ನ್ನೇ ತಗೊಳ್ಳಿ, ಯಾಕಂದ್ರೆ 0.253 ಸೆಕೆಂಡ್ ಅಂದರೆ ನಿಮಿಷಕ್ಕೆ 237. ಎರಡರಲ್ಲೊಂದು ಪೆಟ್ಟಿಗೆ ಕಿಕ್ ಕೊಟ್ಟರೆ 118.5, ಕುಣಿಯೋಕೆ ಹದವಾದ ವೇಗ. ಆಡಿಯೋದಲ್ಲಿ ಸೆಕೆಂಡಿಗೆ 44,100 ಸ್ಯಾಂಪಲ್. ಹಾಗಾಗಿ ಒಂದು ಪೆಟ್ಟಿನಿಂದ ಇನ್ನೊಂದಕ್ಕೆ 11,160 ಸ್ಯಾಂಪಲ್. ಪೂರ್ತಿ ಸೊನ್ನೆಗಳ ಒಂದು ಅರೇ ಮಾಡಿ, ಪ್ರತಿ 11,160ನೇ ಜಾಗದಲ್ಲಿ 1 ಇಡಿ. ಇದು ನಿಮ್ಮ ಇಂಪಲ್ಸ್ ಟ್ರೇನ್. ಬೇರೆಯಾಗಿ ಒಂದು ಕಿಕ್ ಮಾಡಿ: 150 ಹರ್ಟ್ಜ್‌ನಿಂದ 50ಕ್ಕೆ ಬೇಗ ಇಳಿಯುವ ಸೈನ್, ಮೇಲೆ ಎಕ್ಸ್‌ಪೊನೆನ್ಷಿಯಲ್ ಇಳಿಕೆ. ಎರಡನ್ನೂ ಕನ್ವಾಲ್ವ್ ಮಾಡಿ. ಕನ್ವಲ್ಯೂಷನ್ ಯಾಕೆ ಕಲೀಬೇಕು ಅಂತ ಕ್ಲಾಸಲ್ಲಿ ಹಿಂದಿನ ಬೆಂಚಿಂದ ಕೇಳಿದವರು ನಾವೇ. ಉತ್ತರ ಸ್ಪೀಕರಲ್ಲಿ ಬಂತು.

11,160 ಕರಾರುವಾಕ್ಕಾದ ಲೆಕ್ಕ ಅಲ್ಲ, ಸ್ವಲ್ಪ ಉಳಿಕೆ ಇದೆ. ಹತ್ತು ನಿಮಿಷದಲ್ಲಿ ಸುಮಾರು 10 ಮಿಲಿಸೆಕೆಂಡ್ ಹಿಂದೆ ಮುಂದೆ ಆಗುತ್ತೆ, ತೊಂದರೆ ಇಲ್ಲ. ಆದರೆ ಇದೇ ರೀತಿ ಕುಲಕರ್ಣಿಯವರ ಪಲ್ಸಾರ್ ಮಾಡಲು ಹೋಗಿ ನಾವು ಬಿದ್ವಿ. ಅದರ ಅವಧಿ 68.7 ಸ್ಯಾಂಪಲ್. 69 ಅಂತ ಮಾಡಿದರೆ 642ರ ಬದಲು 639 ಹರ್ಟ್ಜ್. ಶ್ರುತಿ ತಪ್ಪಿದ್ದನ್ನ ನಮ್ಮಲ್ಲಿ ಪಿಟೀಲು ಕಲಿತ ಒಬ್ಬನೇ ಒಬ್ಬ ಹಿಡಿದ, ಉಳಿದವರು ಅವನನ್ನು ಬೈದ್ವಿ. ಅವನೇ ಸರಿ. ವೇಗದ ಪಲ್ಸಾರ್‌ಗೆ ಇಂಪಲ್ಸ್ ಬಿಟ್ಟು ನೇರವಾಗಿ ಸೈನ್‌ಗಳನ್ನು ಕೂಡಿಸಿ.

ಇಲ್ಲಿಗೆ ನಿಲ್ಲಿಸಿದರೆ ಮೆಟ್ರೊನೋಮ್ ಆಗುತ್ತೆ, ಪಲ್ಸಾರ್ ಆಗಲ್ಲ. ನಿಜವಾದ ಪಲ್ಸಾರ್‌ನ ಪೆಟ್ಟು ಸಮಯಕ್ಕೆ ತಪ್ಪಲ್ಲ, ಆದರೆ ಒಂದು ಪೆಟ್ಟಿನಂತೆ ಇನ್ನೊಂದಿಲ್ಲ. ಒಂದು ಜೋರು, ಮುಂದಿನದ್ದು ಮೆತ್ತಗೆ. ಕೆಲವು ಪಲ್ಸಾರ್‌ಗಳು ನಾಲ್ಕಾರು ಸುತ್ತು ಸುಮ್ಮನಾಗಿ ಮತ್ತೆ ಶುರು ಮಾಡ್ತವೆ. ಟಿ-ಶರ್ಟ್ ಮತ್ತೊಮ್ಮೆ ನೋಡಿ, ಯಾವ ಎರಡು ಗೆರೆ ಒಂದೇ ಥರ ಇದೆ? ಬಿ 0950+08ಗೆ ಇನ್ನೊಂದು ಸೊಗಸಿದೆ: ಪ್ರತಿ ದೊಡ್ಡ ಪೆಟ್ಟಿಗೆ ಸುಮಾರು 0.1 ಸೆಕೆಂಡ್ ಮುಂಚೆ ತುಂಬಾ ಸಣ್ಣದೊಂದು ಪೆಟ್ಟು. ನಡುಮಧ್ಯದಲ್ಲಿ ಬೀಳಲ್ಲ, ಸ್ವಲ್ಪ ವಾರೆ. ತಬಲಾದವರು ಬೆರಳ ತುದಿಯಲ್ಲಿ ತಾಗಿಸಿದ ಹಾಗೆ. ಅದನ್ನು ಸೇರಿಸಿದ ಕ್ಷಣ ಬೀಟ್ ನಡೆಯೋಕೆ ಶುರುವಾಯ್ತು, ಅಲ್ಲಿವರೆಗೂ ನಿಂತಲ್ಲೇ ಕುಟ್ಟುತ್ತಿತ್ತು.

ಇನ್ನೂ ಮುಂದೆ ಹೋಗುವವರಿಗೆ ಬಿ 0943+10. ಅವಧಿ 1.098 ಸೆಕೆಂಡ್. ರಾಮನ್ ಸಂಸ್ಥೆಯ ಅವಿನಾಶ್ ದೇಶಪಾಂಡೆ ಮತ್ತು ಅಮೆರಿಕದ ಜೊಆನಾ ರ‍್ಯಾಂಕಿನ್ 1999ರಲ್ಲಿ ತೋರಿಸಿದ ಪ್ರಕಾರ ಅದರ ಕಿರಣದೊಳಗೆ 20 ಸಣ್ಣ ಕಿರಣಗಳು ಜಾತ್ರೆಯ ಕುದುರೆ ತೊಟ್ಟಿಲಿನಂತೆ ಸುತ್ತುತ್ತವೆ. ಪೂರ್ತಿ ಒಂದು ಸುತ್ತಿಗೆ ನಕ್ಷತ್ರದ 37 ತಿರುಗು, ಅಂದರೆ 41 ಸೆಕೆಂಡ್. ಆಮೇಲೆ ಗೌರಿಬಿದನೂರಿನ ಆ ತಂತಿಗಳಲ್ಲೂ ಇದೇ ಪಲ್ಸಾರನ್ನು ಹಿಡಿದು ನೋಡಿದರು. 37ರ ಆವರ್ತಕ್ಕೆ 20 ಪೆಟ್ಟು! ಯಾವ ಡಿಜೆಯೂ ಇಷ್ಟು ಉದ್ದದ ಲೂಪ್ ಹಾಕೋ ಧೈರ್ಯ ಮಾಡಿಲ್ಲ ಅನ್ಸುತ್ತೆ. ನಾವು ಹಾಕಿದ್ವಿ, ಮೂರನೇ ಸುತ್ತಿಗೆ ರೂಮ್‌ಮೇಟ್ ಎದ್ದು ಹೋದ.

ಹಾಗಾದರೆ ಆ ಹುಡುಗಿಗೆ ಉತ್ತರ ಏನು? ಪಲ್ಸಾರ್‌ನಿಂದ ಧ್ವನಿ ಬಂದಿಲ್ಲ, ರೇಡಿಯೋ ಅಲೆಯ ಬಲ ಏರಿಳಿಯುವ ಲಯ ಬಂದಿದೆ. ಆ ಏರಿಳಿತವನ್ನು ಸ್ಪೀಕರಿಗೆ ಕೊಟ್ಟಾಗ ಧ್ವನಿ ಹುಟ್ಟೋದು ನಮ್ಮ ರೂಮಿನ ಗಾಳಿಯಲ್ಲಿ. ಸಮಯ ನಕ್ಷತ್ರದ್ದು, ‘ಧಪ್’ ನಮ್ಮದು. (ಬಾಹ್ಯಾಕಾಶದಲ್ಲಿ ಧ್ವನಿ ಎಲ್ಲೂ ಇಲ್ಲ ಅನ್ನೋದೂ ಪೂರ್ತಿ ನಿಜವಲ್ಲ. ಪರ್ಸಿಯಸ್ ಗೆಲಾಕ್ಸಿ ಗುಂಪಿನ ಬಿಸಿ ಅನಿಲದಲ್ಲಿ ನಿಜವಾದ ಒತ್ತಡದ ಅಲೆಗಳಿವೆ, ಆದರೆ ಎಷ್ಟು ಮಂದ್ರ ಅಂದರೆ 2022ರಲ್ಲಿ ನಾಸಾದವರು 57 ಆಕ್ಟೇವ್ ಮೇಲೆತ್ತಿ ನಮಗೆ ಕೇಳಿಸಿದರು.) ನಾವು ವೇದಿಕೆಯಲ್ಲಿ ಹಾಕಿದ ಫೈಲ್ ಯಾವುದರದ್ದು ಅಂತ ಹುಡುಕಿದ್ವಿ, ಮೂಲ ಸಿಗಲಿಲ್ಲ. ಅದನ್ನು ಅಳಿಸಿದ್ವಿ.

ಹೊಸ ಟ್ರ್ಯಾಕ್ ನಾಲ್ಕು ನಿಮಿಷ ಇದೆ. ಕಿಕ್‌ನ ಸಮಯ ಬಿ 0950+08ದ್ದು, ಕೆಳಗಿನ ಬೇಸ್ ಕ್ರ್ಯಾಬ್‌ನ ಶ್ರುತಿ, ನಡುವೆ ಒಂದು ಕಡೆ ವೇಲಾ ಗರಗರ. ಪೆಟ್ಟಿನ ಜೋರು-ಮೆತ್ತಗೆ ಮಾತ್ರ ಇನ್ನೂ ನಮ್ಮ ಕಲ್ಪನೆಯದ್ದೇ, ಅಳತೆ ಮಾಡಿದ ಡೇಟಾ ಅಲ್ಲ. ಪರದೆ ಮೇಲೆ ಈ ಸಲ ಅದನ್ನೂ ಬರೀತೀವಿ. ಮುಂದಿನ ಶುಕ್ರವಾರ ಸಂಜೆ ಕ್ಲಾಸ್ ಮುಗಿದ ಮೇಲೆ ಸಂಘದ ರೂಮಲ್ಲಿ ಹಾಕ್ತೀವಿ. ಸಬ್‌ವೂಫರ್ ಕೇಳಿದ್ದೀವಿ, ಕೊಡ್ತಾರೋ ಇಲ್ವೋ ನೋಡಬೇಕು. ಕ್ರ್ಯಾಬ್ ಲ್ಯಾಪ್‌ಟಾಪ್ ಸ್ಪೀಕರಲ್ಲಿ ಕೇಳಿಸಲ್ಲ, ಆದ್ದರಿಂದ ಒಳ್ಳೆ ಹೆಡ್‌ಫೋನ್ ಇದ್ದವರು ತನ್ನಿ. ಪ್ರಶ್ನೆ ಕೇಳಿದ ಆ ಹುಡುಗಿಗೆ ಮೊದಲನೇ ಸಾಲಲ್ಲಿ ಜಾಗ ಇಟ್ಟಿದ್ದೀವಿ.